ಹವಳದ ಚೆಲುವು: ಕ್ಯಾಮೆರಾದ ಕಣ್ಣು, ಕೈಯ ಕೆಲಸ

ನನ್ನ ಮುಂದಿರುವ ಈ ಮೇಜಿನ ಮೇಲೆ ಒಂದು ಹವಳದ ಮಣಿ ಇದೆ. ಗಾತ್ರದಲ್ಲಿ ಕಡಲೆಕಾಳಿಗಿಂತ ದೊಡ್ಡದಲ್ಲ. ಕ್ಯಾಮೆರಾ ಹತ್ತಿರ ಬಂದಾಗ ನಿಮ್ಮ ಪರದೆಯ ಮೇಲೆ ಇದು ನಿಂಬೆಹಣ್ಣಿನಷ್ಟು ಕಾಣಬಹುದು. ನಮ್ಮ ತಾಯಿಯವರ ಕರಿಮಣಿ ಸರದಲ್ಲಿ ತಾಳಿಯ ಅಕ್ಕಪಕ್ಕ ಇದ್ದ ಎರಡು ಹವಳಗಳಲ್ಲಿ ಇದೊಂದು. ಇದರ ಒಂದು ಮುಖ ನುಣುಪಾಗಿದೆ. ಇನ್ನೊಂದು ಮುಖ ತುಸು ಒರಟು, ಮಂಕು. ಆ ಮಂಕು ನನ್ನ ಕೈವಾಡ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ರಸಾಯನಶಾಸ್ತ್ರದ ಪಾಠದಲ್ಲಿ ಸುಣ್ಣಕಲ್ಲಿನ ಮೇಲೆ ಆಮ್ಲ ಬಿದ್ದರೆ ಗುಳ್ಳೆ ಏಳುತ್ತದೆಂದು ಕಲಿತಿದ್ದೆವು. ಸೀಮೆಸುಣ್ಣ, ಮೊಟ್ಟೆಯ ಚಿಪ್ಪು, ಹವಳ ಇವೆಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟೇ ಎಂದು ಮೇಷ್ಟ್ರು ಹೇಳಿದ್ದರು. ಅದೇ ವಾರ ನಮ್ಮ ತಾಯಿ ಸರದ ದಾರ ಸವೆದಿದೆಯೆಂದು ಮಣಿಗಳನ್ನು ಬಿಚ್ಚಿ ಬಟ್ಟಲಿನಲ್ಲಿ ಇಟ್ಟಿದ್ದರು. ನಾನು ಒಂದು ಹವಳವನ್ನು ತೆಗೆದು ಅದರ ಮೇಲೆ ನಿಂಬೆರಸ ಹಿಂಡಿದೆ. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ನನಗೆ ಹಿಗ್ಗೋ ಹಿಗ್ಗು. ತೊಳೆದು ನೋಡಿದಾಗ ಮಾತ್ರ ಆ ಜಾಗದ ಹೊಳಪು ಹೋಗಿತ್ತು. ತಾಯಿ ಬೈಯಲಿಲ್ಲ. ಮಣಿಯನ್ನು ಬೆಳಕಿಗೆ ಹಿಡಿದು, "ನಿಜವಾದ ಹವಳವೇ ಅಂತ ಗೊತ್ತಾಯಿತಲ್ಲ ಕಣೇ. ಈಗ ಇದನ್ನು ಯಾವ ಮುಖ ಒಳಗೆ ಮಾಡಿ ಪೋಣಿಸಲಿ, ಹೇಳು" ಎಂದರು.

ಹವಳದ ಚೆಲುವನ್ನು ಮನುಷ್ಯ ಹೇಗೆ ಹಿಡಿದಿಡಲು ನೋಡಿದ್ದಾನೆ ಎಂಬುದು ಇಂದಿನ ಮಾತಿನ ವಿಷಯ. ಅದಕ್ಕೆ ಮೊದಲು, ಹವಳವೆಂದರೆ ಕಲ್ಲೋ, ಗಿಡವೋ, ಪ್ರಾಣಿಯೋ ಎಂದು ಕೇಳಿಕೊಳ್ಳೋಣ. ನಮ್ಮ ಹಿರಿಯರು ಕೊಟ್ಟ ಹೆಸರುಗಳನ್ನು ನೋಡಿ. ಸಂಸ್ಕೃತದಲ್ಲಿ ಅದು ವಿದ್ರುಮ. ಆ ಹೆಸರಿನೊಳಗೆ ದ್ರುಮ, ಅಂದರೆ ಮರ, ಕುಳಿತಿದೆ. ಇನ್ನೊಂದು ಹೆಸರು ಪ್ರವಾಳ; ಚಿಗುರಿಗೂ ಅದೇ ಪದ. ನವರತ್ನಗಳ ಸಾಲಿಗೆ ಸೇರಿಸುವಾಗ ಅದನ್ನು ಕಲ್ಲೆಂದು ಎಣಿಸಿದರು. ಯೂರೋಪಿನವರೂ ಇದೇ ಗೊಂದಲದಲ್ಲಿದ್ದರು. 1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸರು ಕೆಂಪು ಹವಳದ ಕೊಂಬೆಯನ್ನು ಸಮುದ್ರದ ನೀರಿನಲ್ಲಿ ಇಟ್ಟು ನೋಡಿದಾಗ, ಅದರ ಮೇಲೆಲ್ಲ ಎಂಟೆಂಟು ಎಸಳಿನ ಬಿಳಿಯ ಹೂಗಳು ಅರಳಿದವು. ಹೂವು ಬಿಟ್ಟ ಮೇಲೆ ಗಿಡವೇ ಸರಿ ಎಂದು ಅವರು ತೀರ್ಮಾನಿಸಿದರು. ಮುಂದೆ 1720ರ ದಶಕದಲ್ಲಿ ಮಾರ್ಸೇಲ್ಸ್ ಊರಿನ ವೈದ್ಯ ಪೇಸೊನೆಲ್ ಅವರು ಅದೇ ಪ್ರಯೋಗ ಮಾಡಿ, ಇವು ಹೂಗಳಲ್ಲ, ಮುಟ್ಟಿದರೆ ಮುದುಡಿಕೊಳ್ಳುವ ಸಣ್ಣ ಪ್ರಾಣಿಗಳು ಎಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಬರೆದರು. ಅಲ್ಲಿ ಆ ಲೇಖನವನ್ನು ಮಂಡಿಸಿದ ರೋಮ್ಯೂರ್ ಮಹಾಶಯರು ಲೇಖಕನ ಹೆಸರನ್ನೇ ಹೇಳಲಿಲ್ಲ. ಇಂಥ ಹುಚ್ಚು ಮಾತಿನಿಂದ ಪಾಪ ಅವನ ಮರ್ಯಾದೆ ಹೋಗಬಾರದೆಂಬ ಕನಿಕರ! ಪೇಸೊನೆಲ್ ಹೇಳಿದ್ದೇ ಸರಿ ಎಂದು ಒಪ್ಪಲು ಮತ್ತೆ ಹದಿನೈದು ಇಪ್ಪತ್ತು ವರ್ಷ ಬೇಕಾಯಿತು.

ಹವಳದ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಮೆತ್ತಗಿನ ಒಂದು ಚೀಲ, ಅದಕ್ಕೊಂದು ಬಾಯಿ, ಬಾಯಿಯ ಸುತ್ತ ತೋಳುಗಳು. ಅದು ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ಪಡೆದು ತನ್ನ ಬುಡದಲ್ಲಿ ಗಟ್ಟಿ ಅಸ್ಥಿಯನ್ನು ಕಟ್ಟುತ್ತದೆ. ಇವುಗಳಲ್ಲಿ ಎರಡು ಬಗೆ ನಮಗೆ ಇಂದು ಮುಖ್ಯ. ಆಭರಣಕ್ಕೆ ಬಳಸುವ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ಕತ್ತಲು ಗುಹೆಗಳಲ್ಲಿ, ಬಂಡೆಗಳ ಕೆಳಗೆ ಸಣ್ಣ ಪೊದೆಯಂತೆ ಬೆಳೆಯುತ್ತದೆ. ಉಷ್ಣವಲಯದ ಬಿಸಿಲುಳ್ಳ ತಿಳಿನೀರಿನಲ್ಲಿ ಬೃಹತ್ ದಿಬ್ಬಗಳನ್ನು ಕಟ್ಟುವ ಹವಳಗಳು ಬೇರೆ. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಡಿಗೆದಾರರಂತೆ ಇರುತ್ತವೆ. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಬಹುಪಾಲನ್ನು ಮನೆಯೊಡೆಯನಿಗೇ ಕೊಡುತ್ತವೆ. ದಿಬ್ಬದ ಹವಳದ ಕಂದು, ಹಳದಿ, ಹಸಿರು ಛಾಯೆಗಳಲ್ಲಿ ಹೆಚ್ಚಿನವು ಈ ಬಾಡಿಗೆದಾರರವು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಕೆಂಪು ಹವಳ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ರೋಮಿನ ಹೆಂಗಸರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುತ್ತಾರೋ ಭಾರತದ ಗಂಡಸರು ನಮ್ಮ ಹವಳಕ್ಕೆ ಅಷ್ಟೇ ಬೆಲೆ ಕೊಡುತ್ತಾರೆ ಎಂಬರ್ಥದ ಮಾತನ್ನು ಬರೆದಿದ್ದಾನೆ. ದೂರದ್ದು ಯಾವಾಗಲೂ ಚೆಂದ. ಹದಿನೆಂಟನೆಯ ಶತಮಾನದಲ್ಲೂ ಈ ವ್ಯಾಪಾರ ನಡೆದೇ ಇತ್ತು. ಇಟಲಿಯ ಲಿವೋರ್ನೊ ಬಂದರಿನ ಯಹೂದಿ ವರ್ತಕರು ಗೋವೆಯ ಹಿಂದೂ ವರ್ತಕರಿಗೆ ಹವಳ ಕಳುಹಿಸುತ್ತಿದ್ದರು. ಅಲ್ಲಿಂದ ವಜ್ರ ಹೋಗುತ್ತಿತ್ತು. ಒಬ್ಬರು ಇನ್ನೊಬ್ಬರ ಮುಖ ನೋಡಿದವರಲ್ಲ, ಭಾಷೆ ಬೇರೆ, ಮತ ಬೇರೆ. ಕಾಗದದ ಮೇಲಿನ ನಂಬಿಕೆಯಿಂದಲೇ ಕೆಲಸ ಸಾಗುತ್ತಿತ್ತು. ನಮ್ಮ ಕರಿಮಣಿಯ ನಡುವೆ, ಕರಾವಳಿಯ ಕೊಂಕಣಿಗರ ಧಾರೆಮಣಿಯಲ್ಲಿ ಕೆಂಪಗೆ ಹೊಳೆಯುವ ಮಣಿ ಹೀಗೆ ಸಮುದ್ರ ದಾಟಿ ಬಂದದ್ದು.

ಹವಳ ಕೆತ್ತುವ ಕಸುಬಿಗೆ ಪ್ರಸಿದ್ಧವಾದ ಊರು ಇಟಲಿಯ ನೇಪಲ್ಸ್ ಬಳಿಯ, ವೆಸೂವಿಯಸ್ ಜ್ವಾಲಾಮುಖಿಯ ಬುಡದಲ್ಲಿರುವ ಟೊರೆ ಡೆಲ್ ಗ್ರೆಕೊ. 1878ರಲ್ಲಿ ಅಲ್ಲಿ ಹವಳದ ಕೆತ್ತನೆ ಕಲಿಸಲೆಂದೇ ಒಂದು ಶಾಲೆ ತೆರೆಯಿತು. ಕೊಂಬೆಯ ಸಹಜ ಬಾಗು ಎಲ್ಲಿದೆ, ಬಿರುಕು ಎಲ್ಲಿದೆ ನೋಡಿ, ಅದಕ್ಕೆ ಒಪ್ಪುವಂತೆ ಎಲೆಯೋ ಹೂವೋ ಮುಖವೋ ಕೆತ್ತುವುದು ಅಲ್ಲಿನ ಕುಶಲಿಗಳ ಜಾಣ್ಮೆ. ಆದರೆ ಆ ಕೊಂಬೆ ದಡಕ್ಕೆ ಬರುತ್ತಿದ್ದ ರೀತಿಯನ್ನೂ ಹೇಳಬೇಕು. ಎರಡು ಭಾರವಾದ ತೊಲೆಗಳನ್ನು ಶಿಲುಬೆಯಂತೆ ಕಟ್ಟಿ, ತುದಿಗಳಿಗೆ ಬಲೆ ನೇತುಹಾಕಿ, ದೋಣಿಯ ಹಿಂದೆ ಸಮುದ್ರದ ತಳದಲ್ಲಿ ಎಳೆಯುತ್ತಿದ್ದರು. ಬಡಿತಕ್ಕೆ ಮುರಿದ ಹವಳದಲ್ಲಿ ಒಂದಷ್ಟು ಬಲೆಗೆ ಸಿಕ್ಕುತ್ತಿತ್ತು. ಮಿಕ್ಕದ್ದು ಅಲ್ಲೇ ಪುಡಿಯಾಗುತ್ತಿತ್ತು. ಯೂರೋಪಿನ ಒಕ್ಕೂಟ ಈ ಸಾಧನವನ್ನು ನಿಷೇಧಿಸಿದ್ದು 1994ರಲ್ಲಿ. ಈಗ ಮುಳುಗುಗಾರರು ಕೈಯಿಂದ ಆರಿಸಿ ತೆಗೆಯಬೇಕು.

ಕೆಂಪು ಹವಳದ ಕಾಂಡ ದಪ್ಪವಾಗುವುದು ವರ್ಷಕ್ಕೆ ಹೆಚ್ಚುಕಡಿಮೆ ಕಾಲು ಮಿಲಿಮೀಟರಿನಷ್ಟು ಮಾತ್ರ. ಈ ಮಣಿ ಏಳು ಮಿಲಿಮೀಟರು ದಪ್ಪ ಇದೆ. ನೀವೇ ಲೆಕ್ಕ ಹಾಕಿ. ಇಪ್ಪತ್ತೆಂಟು ವರ್ಷ! ಉಜ್ಜಿ ಉರುಟು ಮಾಡುವಾಗ ಹೋದ ಭಾಗವನ್ನೂ ಸೇರಿಸಿದರೆ ಇನ್ನೂ ಹೆಚ್ಚು. ನಾನು ಒಂದು ನಿಮಿಷದಲ್ಲಿ ನಿಂಬೆರಸ ಹಾಕಿ ಕೆಡಿಸಿದ್ದು ಅದನ್ನು. ಸಮುದ್ರದಲ್ಲಿಯೂ ಈಗ ಇದೇ ರಸಾಯನ, ಬಹಳ ನಿಧಾನವಾಗಿ, ನಡೆಯುತ್ತಿದೆ. ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ನೀರಿನಲ್ಲಿ ಕರಗುತ್ತದೆ. ಸಮುದ್ರದ ಮೇಲ್ಪದರದ ಪಿ.ಎಚ್. ಕೈಗಾರಿಕಾ ಕ್ರಾಂತಿಗೆ ಮೊದಲು ಸುಮಾರು 8.2 ಇದ್ದದ್ದು ಈಗ ಸುಮಾರು 8.1ಕ್ಕೆ ಇಳಿದಿದೆ. ನೀರು ಹುಳಿಯಾಗಿಬಿಟ್ಟಿತೆಂದು ಅರ್ಥವಲ್ಲ, ಅದು ಈಗಲೂ ಕ್ಷಾರೀಯವೇ. ಆದರೆ ಹವಳಕ್ಕೆ ಅಸ್ಥಿ ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ.

ಇನ್ನು ಛಾಯಾಚಿತ್ರಕ್ಕೆ ಬರೋಣ. ಒಡವೆಗಾಗಿ ಹವಳವನ್ನು ಮುರಿಯಬೇಕು, ಚಿತ್ರಕ್ಕಾಗಿ ಮುರಿಯಬೇಕಾಗಿಲ್ಲ. ಅದಕ್ಕಾಗಿ ಕ್ಯಾಮೆರಾ ಬಂದದ್ದು ದೊಡ್ಡ ಸಂಗತಿ. ಆಸ್ಟ್ರೇಲಿಯದ ಪೂರ್ವ ಕರಾವಳಿಯುದ್ದಕ್ಕೂ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲನ್ನು ಮೊದಲು ವಿಸ್ತಾರವಾಗಿ ಚಿತ್ರಿಸಿದವರು ಮೀನುಗಾರಿಕೆಯ ಅಧಿಕಾರಿಯಾಗಿದ್ದ ವಿಲಿಯಂ ಸ್ಯಾವಿಲ್-ಕೆಂಟ್. ಅವರ ಬಳಿ ನೀರಿನೊಳಗೆ ಹೋಗುವ ಕ್ಯಾಮೆರಾ ಇರಲಿಲ್ಲ. ಅವರು ಮಾಡಿದ್ದು ಸರಳ ಉಪಾಯ. ಸಮುದ್ರ ಅತಿ ಹೆಚ್ಚು ಇಳಿಯುವ ದಿನಗಳಿಗಾಗಿ ಕಾದರು. ಆಗ ಕೆಲವು ಗಂಟೆಗಳ ಕಾಲ ಹವಳದ ತೋಟ ನೀರಿನಿಂದ ಮೇಲೇಳುತ್ತದೆ. ಅಷ್ಟರೊಳಗೆ ಗಾಜಿನ ಫಲಕಗಳ ಭಾರವಾದ ಕ್ಯಾಮೆರಾ ಹೊತ್ತು ಹೋಗಿ ಚಿತ್ರ ತೆಗೆದರು. 1893ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು.

ಈ ಚಿತ್ರಗಳಿಗೆ ಆಮೇಲೆ ಬೇರೊಂದು ಬೆಲೆ ಬಂತು. ಬೋವೆನ್ ಎಂಬ ಊರಿನ ಎದುರಿಗಿರುವ ಸ್ಟೋನ್ ದ್ವೀಪದಲ್ಲಿ ಸುಮಾರು 1890ರ ಹೊತ್ತಿಗೆ ತೆಗೆದ ಚಿತ್ರದಲ್ಲಿ ಹವಳ ದಟ್ಟವಾಗಿ ಹಬ್ಬಿದೆ. ಹಿಂದಿನ ಗುಡ್ಡಗಳ ಗುರುತು ಹಿಡಿದು ನೂರು ವರ್ಷಗಳ ಬಳಿಕ, 1990ರ ದಶಕದಲ್ಲಿ, ಅದೇ ಜಾಗದಿಂದ ಮತ್ತೆ ಚಿತ್ರ ತೆಗೆದರು. ಅಲ್ಲಿ ಬರಿಯ ಕೆಸರು, ಕಲ್ಲು. ನೋಡಿದವರ ಎದೆ ಧಸಕ್ಕೆಂದಿತು. ಆದರೆ ಮುಂದೆ ಅದೇ ದ್ವೀಪದ ಸುತ್ತ ಹುಡುಕಿದವರಿಗೆ ಬೇರೆ ಮೂಲೆಗಳಲ್ಲಿ ಜೀವಂತ ಹವಳವೂ ಸಿಕ್ಕಿತು. ಒಂದು ಚಿತ್ರದಿಂದ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂದು ವಿಜ್ಞಾನಿಗಳಲ್ಲಿ ಜೋರಾದ ವಾದವೇ ನಡೆಯಿತು. ಛಾಯಾಚಿತ್ರ ಒಳ್ಳೆಯ ಸಾಕ್ಷಿ. ಆದರೆ ತಾನು ನಿಂತ ಜಾಗದಿಂದ ಕಂಡದ್ದನ್ನಷ್ಟೇ ಹೇಳುವ ಸಾಕ್ಷಿ. ಪತ್ರಿಕೆಯಲ್ಲಿ "ಅಂದು, ಇಂದು" ಎಂದು ಎರಡು ಚಿತ್ರ ಪಕ್ಕಪಕ್ಕ ಕಂಡಾಗಲೆಲ್ಲ ನೀವೂ ಈ ಪ್ರಶ್ನೆ ಕೇಳಿ.

ನೀರಿನೊಳಗಿನ ಚಿತ್ರಣದಲ್ಲಿ ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿ ಹೆಸರು ಮಾಡಿದರು. ಬಣ್ಣದ ಚಿತ್ರ ಬಂದದ್ದು 1926ರಲ್ಲಿ. ಅಮೆರಿಕದ ಫ್ಲಾರಿಡಾ ತೀರದಾಚೆ ವಿಲಿಯಂ ಲಾಂಗ್ಲಿ ಎಂಬ ಪ್ರಾಣಿವಿಜ್ಞಾನಿ, ಚಾರ್ಲ್ಸ್ ಮಾರ್ಟಿನ್ ಎಂಬ ಛಾಯಾಗ್ರಾಹಕ ಇಬ್ಬರೂ ಸೇರಿ ಹವಳದ ನಡುವೆ ಈಜುವ ಮೀನಿನ ಬಣ್ಣದ ಚಿತ್ರ ತೆಗೆದರು. ಆ ಕಾಲದ ಬಣ್ಣದ ಫಲಕಕ್ಕೆ ಬೆಳಕು ವಿಪರೀತ ಬೇಕು. ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸುರಿದು ಸಿಡಿಸಿ ಕಡಲಿನ ತಳಕ್ಕೆ ಬೆಳಕು ಬೀಳಿಸಿದರು. ಒಮ್ಮೆ ಪುಡಿ ಹೊತ್ತಿಗೆ ಮೊದಲೇ ಸಿಡಿದು ಲಾಂಗ್ಲಿ ಮೈ ಸುಟ್ಟುಕೊಂಡರು.

ಇಷ್ಟೆಲ್ಲ ಯಾಕೆ? ನೀರು ಬೆಳಕನ್ನು ನುಂಗುತ್ತದೆ, ಅದರಲ್ಲೂ ಎಲ್ಲ ಬಣ್ಣವನ್ನು ಸಮನಾಗಿ ನುಂಗುವುದಿಲ್ಲ. ಮೊದಲು ಹೋಗುವುದು ಕೆಂಪು, ಆಮೇಲೆ ಕಿತ್ತಳೆ, ಹಳದಿ. ಹತ್ತು ಮೀಟರು ಆಳದಲ್ಲಿ ಕೆಂಪು ವಸ್ತು ಮಂಕು ಕಂದಾಗಿ ಕಾಣುತ್ತದೆ. ಇನ್ನೂ ಆಳದಲ್ಲಿ ಕಪ್ಪು. ಪಾರಿಜಾತದ ಹೂವಿನ ತೊಟ್ಟಿಗೆ ನಾವು ಹವಳದ ಬಣ್ಣವೆನ್ನುತ್ತೇವೆ. ಆದರೆ ಹವಳ ತಾನು ಹುಟ್ಟಿದ ಜಾಗದಲ್ಲಿ ಆ ಬಣ್ಣ ತೋರಿಸುವುದೇ ಇಲ್ಲ! ಛಾಯಾಗ್ರಾಹಕ ತನ್ನ ಜೊತೆಗೆ ಬೆಳಕು ಒಯ್ದು, ಒಂದು ಮೀಟರಿಗಿಂತ ಹತ್ತಿರ ಹೋಗಿ ಫ್ಲ್ಯಾಷ್ ಹೊಡೆದ ಕ್ಷಣದಲ್ಲಿ ಮಾತ್ರ ಕೆಂಪು ಏಳುತ್ತದೆ. ಹಾಗಾದರೆ ಪತ್ರಿಕೆಯ ಆ ಝಗಝಗಿಸುವ ಚಿತ್ರ ನಿಜವೋ, ಮುಳುಗುಗಾರನ ಕಣ್ಣಿಗೆ ಕಂಡ ನೀಲಿಬೂದು ನಿಜವೋ? ನನ್ನನ್ನು ಕೇಳಿದರೆ ಎರಡೂ ನಿಜ.

ಕಸುಬಿನ ಕೆಲವು ಸೂಕ್ಷ್ಮಗಳನ್ನೂ ಹೇಳುತ್ತೇನೆ, ನಿಮ್ಮಲ್ಲಿ ಮುಂದೆ ಯಾರಾದರೂ ಈ ದಾರಿ ಹಿಡಿಯಬಹುದು. ಫ್ಲ್ಯಾಷ್ ದೀಪವನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಹಿಮ ಸುರಿದಂತೆ ಕಾಣುತ್ತದೆ. ಅದಕ್ಕೆ ದೀಪವನ್ನು ತೋಳಿನ ಮೇಲೆ ಪಕ್ಕಕ್ಕೆ ಚಾಚುತ್ತಾರೆ. ಬಹಳಷ್ಟು ಪಾಲಿಪ್‌ಗಳು ತೋಳು ಬಿಚ್ಚುವುದು ರಾತ್ರಿ. ಹಗಲು ಬಂಡೆಯಂತೆ ಕಂಡದ್ದು ಕತ್ತಲಾದ ಮೇಲೆ ಹೂದೋಟ. ಎಲ್ಲಕ್ಕಿಂತ ಕಷ್ಟದ ವಿದ್ಯೆ ನೀರಿನಲ್ಲಿ ಅಲುಗಾಡದೆ ತೇಲಿ ನಿಲ್ಲುವುದು. ಚಿತ್ರದ ಮೇಲೆ ಗಮನವಿಟ್ಟವನ ಕಾಲಿನ ರೆಕ್ಕೆ ಹಿಂದಿನ ಹವಳಕ್ಕೆ ಒಮ್ಮೆ ತಗುಲಿದರೆ ಸಾಕು, ವರ್ಷಗಳ ಬೆಳವಣಿಗೆ ಚಟ್ ಎಂದು ಮುರಿಯುತ್ತದೆ. ಚಿತ್ರಕ್ಕೆ ಮುರಿಯಬೇಕಾಗಿಲ್ಲ ಎಂದೆನಲ್ಲ, ಅದು ಜಾಗ್ರತೆಯುಳ್ಳವರ ಮಾತು.

ಈಗ ಮೂರು ಚಿತ್ರಗಳ ಕಥೆ. ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ ದ್ವೀಪದಲ್ಲಿ, ವಿಮಾನ ನಿಲ್ದಾಣದ ಪಕ್ಕದ ಒಂದು ದಿಬ್ಬವನ್ನು ರಿಚರ್ಡ್ ವೀವರ್ಸ್ ಮತ್ತು ಅವರ ತಂಡ 2014ರ ಡಿಸೆಂಬರಿನಲ್ಲಿ ಚಿತ್ರಿಸಿತು. ಹವಳ ಕಂದು, ಜೇನು ಬಣ್ಣದಲ್ಲಿತ್ತು. 2015ರ ಫೆಬ್ರವರಿಯಲ್ಲಿ ಮತ್ತೆ ಹೋದಾಗ ಕಣ್ಣು ಹಾಯುವವರೆಗೂ ಅಚ್ಚ ಬಿಳಿ. ಆಗಸ್ಟಿನಲ್ಲಿ ಮೂರನೆಯ ಸಲ ಹೋದಾಗ ಸತ್ತ ಅಸ್ಥಿಗಳ ಮೇಲೆ ಪಾಚಿ ಬೆಳೆದು ಎಲ್ಲ ಬೂದು ಕಂದು. ನೀರಿನ ಉಷ್ಣತೆ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ತನ್ನ ಬಾಡಿಗೆದಾರ ಪಾಚಿಗಳನ್ನು ಹೊರದೂಡುತ್ತದೆ. ಬಣ್ಣ ಹೋಗಿ ಪಾರದರ್ಶಕ ಮೈಯೊಳಗಿಂದ ಬಿಳಿಯ ಅಸ್ಥಿ ಕಾಣುತ್ತದೆ. ಆಗಲೂ ಹವಳ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬರಬಹುದು; ತಣಿಯದಿದ್ದರೆ ಆ ಮೂರನೆಯ ಚಿತ್ರ.

ಈ ಮೂರು ಚಿತ್ರಗಳನ್ನು ವಿವರ ಹೇಳದೆ ನಾನು ಕೆಲವು ಕಾಲೇಜು ಹುಡುಗ ಹುಡುಗಿಯರ ಮುಂದೆ ಇಟ್ಟು, ಯಾವುದು ಎಲ್ಲಕ್ಕಿಂತ ಸುಂದರ ಎಂದು ಕೇಳಿದೆ. ಬಹುಪಾಲು ಮಂದಿ ನಡುವಿನದನ್ನು ಆರಿಸಿದರು. ಅವರ ತಪ್ಪೇನೂ ಇಲ್ಲ. ನೀಲಿಯ ಎದುರು ಹಾಲಿನಂಥ ಬಿಳಿ, ನಿಜಕ್ಕೂ ಮನೋಹರವಾಗಿದೆ. 2016ರಲ್ಲಿ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕೆಲವು ಹವಳಗಳು ಇನ್ನೂ ಮುಂದೆ ಹೋದವು. ಬಿಸಿಲಿನಿಂದ ಕಾಪಾಡಿಕೊಳ್ಳಲು ಮೈಯಲ್ಲಿರುವ ಹೊಳೆಯುವ ವರ್ಣದ್ರವ್ಯಗಳನ್ನು ಹೆಚ್ಚಿಸಿಕೊಂಡು ನೇರಳೆ, ನಿಂಬೆ ಹಳದಿ, ನೀಲಿ ಬಣ್ಣಗಳಲ್ಲಿ ದೀಪಾವಳಿಯಂತೆ ಉರಿದವು. ಅದು ಅವುಗಳ ಸಂಕಟದ ಬಣ್ಣ. 2017ರಲ್ಲಿ ಬಂದ 'ಚೇಸಿಂಗ್ ಕೋರಲ್' ಎಂಬ ಸಾಕ್ಷ್ಯಚಿತ್ರದಲ್ಲಿ ಆ ದೃಶ್ಯಗಳಿವೆ. ನನಗೆ ಆ ಚಿತ್ರ ಎರಡನೆಯ ಸಲ ನೋಡಲು ಆಗಲಿಲ್ಲ.

ಕೈಕೆಲಸದ ಕಲಾವಿದರು ಹಿಡಿದ ದಾರಿ ಬೇರೆ. ಗಾಜಿನಿಂದ ಸಮುದ್ರಜೀವಿಗಳನ್ನು ಮಾಡಿದ ಲಿಯೋಪೋಲ್ಡ್ ಬ್ಲಾಷ್ಕಾ, ಅವರ ಮಗ ರುಡಾಲ್ಫ್ ಇವರನ್ನು ಮೊದಲು ನೆನೆಯಬೇಕು. 1853ರಲ್ಲಿ ಅಮೆರಿಕಕ್ಕೆ ಹೊರಟ ಲಿಯೋಪೋಲ್ಡರ ಹಡಗು ಗಾಳಿಯಿಲ್ಲದೆ ನಡುಗಡಲಿನಲ್ಲಿ ನಿಂತುಬಿಟ್ಟಿತು. ರಾತ್ರಿ ನೀರಿನಲ್ಲಿ ಹೊಳೆಯುವ ಜೆಲ್ಲಿ ಮೀನುಗಳನ್ನು ಕಂಡು ಅವರಿಗೆ ಗಾಜಿನ ನೆನಪಾಯಿತಂತೆ. ಹವಳದ ಹತ್ತಿರದ ಬಂಧುಗಳಾದ ಕಡಲ ಹೂಗಳು, ಜೆಲ್ಲಿ ಮೀನುಗಳು ಮದ್ಯಸಾರದ ಸೀಸೆಯಲ್ಲಿ ಇಟ್ಟರೆ ಬಣ್ಣ ಕಳೆದುಕೊಂಡು ಮುದ್ದೆಯಾಗುತ್ತವೆ. ಹೀಗಾಗಿ 1863ರಲ್ಲಿ ಡ್ರೆಸ್ಡೆನ್ ನಗರದ ವಸ್ತುಸಂಗ್ರಹಾಲಯಕ್ಕಾಗಿ ಅವರು ಗಾಜಿನ ಕಡಲ ಹೂಗಳನ್ನು ಮಾಡಿಕೊಟ್ಟರು. ಮುಂದೆ ಸುಮಾರು ಮೂವತ್ತು ವರ್ಷ ತಂದೆ ಮಕ್ಕಳು ಇಂಥ ಸಾವಿರಾರು ಮಾದರಿಗಳನ್ನು ಮಾಡಿ ಲೋಕದ ಕಾಲೇಜುಗಳಿಗೆ ಕಳುಹಿಸಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬಳಿ ಆ ಮಾದರಿಗಳ ದೊಡ್ಡ ಸಂಗ್ರಹವಿದೆ.

ಕಾಕತಾಳೀಯವೆಂಬಂತೆ ಇನ್ನೊಂದು ಕಥೆ ಶುರುವಾಗುವುದೂ ಕಾರ್ನೆಲ್‌ನಲ್ಲೇ. ಅದನ್ನು ಹೇಳಲು ನಾನು ನಮ್ಮ ಸೋದರತ್ತೆಯವರಿಂದ ಆರಂಭಿಸಬೇಕು. ನಿಮ್ಮ ಮನೆಗಳಲ್ಲೂ ನೋಡಿರುತ್ತೀರಿ, ಬಾಗಿಲಿಗೆ ಕ್ರೋಶಾ ತೋರಣ, ರೇಡಿಯೋದ ಮೇಲೆ, ಆಮೇಲೆ ಟಿ.ವಿ.ಯ ಮೇಲೆ ಕ್ರೋಶಾ ಹೊದಿಕೆ. ಅತ್ತೆ ಅದರಲ್ಲಿ ಎತ್ತಿದ ಕೈ. ರಜೆಯಲ್ಲಿ ನಮಗೆ ದುಂಡನೆಯ ಹೊದಿಕೆ ಹೆಣೆಯಲು ಕಲಿಸುತ್ತಿದ್ದರು. ನಿಯಮ ಇಷ್ಟೇ: ಮೊದಲ ಸುತ್ತಿಗೆ 6 ಕುಣಿಕೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 24. ಪ್ರತಿ ಸುತ್ತಿಗೂ ಆರೇ ಹೆಚ್ಚಬೇಕು. ಹಾಗಾದರೆ ಹೊದಿಕೆ ಚಪ್ಪಟೆಯಾಗಿ ಕೂರುತ್ತದೆ. ವೃತ್ತದ ಪರಿಧಿ ತ್ರಿಜ್ಯದ ಜೊತೆಗೆ ಒಂದೇ ಪ್ರಮಾಣದಲ್ಲಿ ಬೆಳೆಯುತ್ತದೆಂದು ನೀವು ಓದಿದ್ದೀರಿ. ಅತ್ತೆ ಅದನ್ನು ಓದದೆ ಬಲ್ಲವರು. ನಾನು ಎಣಿಕೆ ತಪ್ಪಿ ಹೆಚ್ಚು ಕುಣಿಕೆ ಹಾಕಿದರೆ ಅಂಚು ಅಲೆಯಲೆಯಾಗಿ ಏಳುತ್ತಿತ್ತು. "ಅಂಚು ಕುಣೀತಿದೆ ಕಣೇ, ಬಿಚ್ಚು" ಎನ್ನುತ್ತಿದ್ದರು. ಎಷ್ಟು ಸಲ ಬಿಚ್ಚಿದ್ದೇನೋ!

ಲಾಟ್ವಿಯಾ ದೇಶದಿಂದ ಬಂದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಕಾರ್ನೆಲ್‌ನಲ್ಲಿದ್ದರು. ಒಂದು ಸರಳರೇಖೆಯ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಒಂದೇ ಒಂದು ಸಮಾಂತರ ರೇಖೆ ಎಳೆಯಬಹುದು ಎಂದು ನಾವು ಕಲಿಯುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಂಗೆರಿಯ ಬೋಯೈ, ರಷ್ಯದ ಲೊಬಚೆವ್‌ಸ್ಕಿ ಇವರು, ಹಾಗಲ್ಲದೆ ಅನೇಕ ಸಮಾಂತರಗಳನ್ನು ಎಳೆಯಬಹುದಾದ ಮೇಲ್ಮೈಯ ರೇಖಾಗಣಿತವೂ ಇದೆ ಎಂದು ತೋರಿಸಿದರು. ಅದಕ್ಕೆ ಹೈಪರ್ಬಾಲಿಕ್ ರೇಖಾಗಣಿತವೆಂದು ಹೆಸರು. ಕಾಗದದ ಪಟ್ಟಿಗಳನ್ನು ಅಂಟಿಸಿ ಅದರ ಮಾದರಿ ಮಾಡುತ್ತಿದ್ದರು, ಬೇಗ ಹರಿದುಹೋಗುತ್ತಿತ್ತು. ಟೈಮಿನಾ ಕ್ರೋಶಾ ಕಡ್ಡಿ ಕೈಗೆತ್ತಿಕೊಂಡರು. ಆರಾರು ಹೆಚ್ಚಿಸುವ ಬದಲು ಪ್ರತಿ ಸುತ್ತನ್ನೂ ಒಂದೇ ಅನುಪಾತದಲ್ಲಿ ಹೆಚ್ಚಿಸುತ್ತ ಹೋದರು. ಅಂಚು ಕುಣಿಯಿತು. ಅದೇ ಹೈಪರ್ಬಾಲಿಕ್ ಮೇಲ್ಮೈ! ಮೇಲೆ ಬೇರೆ ಬಣ್ಣದ ದಾರದಿಂದ ರೇಖೆಗಳನ್ನು ಹೊಲಿದು ಸಮಾಂತರಗಳನ್ನು ಬೆರಳಿಟ್ಟು ತೋರಿಸಿದರು. ನಮ್ಮತ್ತೆ ಬಿಚ್ಚಿಸುತ್ತಿದ್ದದ್ದು ಇದನ್ನೇ.

ಮಿತ್ರರೇ, ಕೋಳಿಜುಟ್ಟಿನ ಹೂವನ್ನು ನೆನಪಿಸಿಕೊಳ್ಳಿ. ಆ ಸುರುಳಿ ಸುರುಳಿ ಅಂಚೂ ಇದೇ ಬಗೆಯದು. ಅನೇಕ ಹವಳಗಳೂ ಹೀಗೆ ನೆರಿಗೆ ನೆರಿಗೆಯಾಗಿ ಬೆಳೆಯುತ್ತವೆ. ಇದ್ದಷ್ಟೇ ಜಾಗದಲ್ಲಿ ಹೆಚ್ಚು ಮೈ ಒಡ್ಡಿದರೆ ಬೆಳಕು, ಆಹಾರ ಎರಡೂ ಹೆಚ್ಚು ಸಿಗುತ್ತವೆ. ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಹುಟ್ಟಿ ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದ್ದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರಿಗೆ ಈ ಹೋಲಿಕೆ ಹೊಳೆಯಿತು. ತಮ್ಮ ನಾಡಿನ ದಿಬ್ಬ ಬಿಳಿಚುತ್ತಿರುವ ಸುದ್ದಿ ಅವರನ್ನು ಕಾಡುತ್ತಿತ್ತು. 2005ರಲ್ಲಿ ಮನೆಯಲ್ಲೇ ಕುಳಿತು ಉಣ್ಣೆಯ ಹವಳದ ದಿಬ್ಬ ಹೆಣೆಯಲು ತೊಡಗಿದರು. ಗಣಿತದ ಕಟ್ಟುನಿಟ್ಟು ನಿಯಮವನ್ನು ಬೇಕೆಂದೇ ಸ್ವಲ್ಪ ಮುರಿದಾಗ ಆಕಾರಗಳಿಗೆ ಇನ್ನಷ್ಟು ಜೀವ ಬಂತು. ಒಬ್ಬರಿಗೆ ಆಗುವ ಕೆಲಸವಲ್ಲವೆಂದು ಇತರರನ್ನು ಕರೆದರು. ನಗರ ನಗರಗಳಲ್ಲಿ ಹೆಂಗಸರು, ಕೆಲವೆಡೆ ಗಂಡಸರು, ಶಾಲಾ ಮಕ್ಕಳು ತಂತಮ್ಮ ದಿಬ್ಬ ಹೆಣೆದರು. ಬಣ್ಣದ ದಿಬ್ಬದ ಪಕ್ಕದಲ್ಲಿ ಬಿಳಿ ದಾರದ್ದೊಂದು. ಹಾಳಾದ ಕ್ಯಾಸೆಟ್ಟಿನ ಟೇಪು, ಪ್ಲಾಸ್ಟಿಕ್ ಚೀಲಗಳಿಂದ ಹೆಣೆದ ವಿಷದ ದಿಬ್ಬ ಇನ್ನೊಂದು. 2019ರಲ್ಲಿ ಇದು ವೆನಿಸ್ ಬಿನಾಲೆಯ ಕಲಾ ಪ್ರದರ್ಶನದಲ್ಲಿತ್ತು. 2022ರಲ್ಲಿ ಜರ್ಮನಿಯ ಬಾಡನ್-ಬಾಡನ್‌ನಲ್ಲಿ ಸುಮಾರು 4,000 ಜನ ಕಳುಹಿಸಿದ 40,000ದಷ್ಟು ಹೆಣಿಗೆಯ ಹವಳಗಳನ್ನು ಜೋಡಿಸಿದರು. ಹೆಣೆದವರ ಹೆಸರುಗಳನ್ನೂ ಗೋಡೆಯ ಮೇಲೆ ಬರೆಯುತ್ತಾರೆ. ಒಂದೊಂದು ಪಾಲಿಪ್ ತನ್ನ ಪಾಲಿನ ಸುಣ್ಣ ಸೇರಿಸಿದ ಹಾಗೆ.

ಉಣ್ಣೆಯ ಹವಳದಿಂದ ಸಮುದ್ರ ತಣ್ಣಗಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಆದರೆ ಹೆಣೆಯುವವರಿಗೆ ಒಂದು ಅಂಗುಲ ಬೆಳೆಯಲು ಎಷ್ಟು ಹೊತ್ತು ಬೇಕೆಂಬುದು ಬೆರಳಿಗೆ ತಿಳಿಯುತ್ತದೆ. ಅದು ಚಿತ್ರ ನೋಡಿದರೆ ತಿಳಿಯುವುದಿಲ್ಲ, ಅಂಗಡಿಯಲ್ಲಿ ಮಣಿ ಕೊಂಡರಂತೂ ತಿಳಿಯುವುದೇ ಇಲ್ಲ.

ನಮ್ಮ ಹತ್ತಿರದ ಸಮುದ್ರದ ಮಾತು ಹೇಳದೆ ಮುಗಿಸುವಂತಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ ಬೆಳೆದಿದೆ. 2022ರಲ್ಲಿ ತೆರೆಗೆ ಬಂದ 'ಗಂಧದ ಗುಡಿ' ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯ ನೀರಿಗಿಳಿದದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಮ್ಮ ಕರಾವಳಿಯಲ್ಲಿ ಮಳೆಗಾಲದ ನದಿಗಳು ಕೆಂಪು ನೀರು, ಮಣ್ಣು ತರುವುದರಿಂದ ದೊಡ್ಡ ದಿಬ್ಬಗಳು ಏಳುವುದಿಲ್ಲ. ಅದಕ್ಕೆ ಲಕ್ಷದ್ವೀಪಕ್ಕೆ ಹೋಗಬೇಕು. ಅಲ್ಲಿನ ಅಮಿನಿದಿವಿ ಗುಂಪಿನ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂದು ಎಷ್ಟು ಜನಕ್ಕೆ ಗೊತ್ತು? ಆ ಗುಂಪಿನದೇ ಕಡಮತ್ ದ್ವೀಪ. ಅಲ್ಲಿ ಮತ್ತು ಅಗತ್ತಿ, ಕವರತ್ತಿಗಳಲ್ಲಿ ವಿಜ್ಞಾನಿಗಳು 1998ರಿಂದ 2022ರವರೆಗೆ ಅಳೆಯುತ್ತ ಬಂದಿದ್ದಾರೆ. ಜೀವಂತ ಹವಳ ಹರಡಿದ ಪ್ರದೇಶ ಸುಮಾರು ಅರ್ಧಕ್ಕೆ ಇಳಿದಿದೆ. 1998, 2010, 2016ರ ಬಿಸಿಯ ವರ್ಷಗಳ ನಂತರ 2024ರಲ್ಲಿ ಮತ್ತೆ ಅಲ್ಲಿ ಹವಳ ಬಿಳಿಚಿತು. ಭಾರತದ ಕಡಲಿನ ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಹುಲಿಗೆ ಇರುವಂತೆ. ಪ್ರವಾಸಕ್ಕೆ ಹೋದಾಗ ದಡದಲ್ಲಿ ಸಿಕ್ಕ ತುಂಡನ್ನೂ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಬಿಸಿನೀರಿಗೆ ಮಾತ್ರ ಯಾವ ಅನುಸೂಚಿಯೂ ಅನ್ವಯಿಸುವುದಿಲ್ಲ.

ಕೊನೆಯದಾಗಿ, ಮೇಜಿನ ಮೇಲಿರುವ ಇನ್ನೊಂದು ವಸ್ತು. ಇದು ನಾನು ಹೆಣೆಯುತ್ತಿರುವ ಹವಳ. ಮೊದಲ ಸುತ್ತಿಗೆ 6 ಕುಣಿಕೆ. ಆಮೇಲೆ ಪ್ರತಿ ಕುಣಿಕೆಗೂ ಎರಡೆರಡು. ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು, ತೊಂಬತ್ತಾರು. ಆರನೆಯ ಸುತ್ತಿಗೇ 192. ಏಳನೆಯದಕ್ಕೆ 384. ನೋಡಿ, ಅಂಗೈಯಲ್ಲಿ ಹಿಡಿಸುವಷ್ಟೇ ಇದೆ, ಆದರೆ ಅಂಚನ್ನು ಬಿಡಿಸಿ ಅಳೆದರೆ ಈ ಮೇಜಿನ ಉದ್ದವನ್ನೂ ಮೀರುತ್ತದೆ. ನೀವು ಮಾಡುವುದಾದರೆ ಇಷ್ಟು ಆತುರ ಬೇಡ, ಐದು ಕುಣಿಕೆಗೊಂದರಂತೆ ಹೆಚ್ಚಿಸಿ. ನೆರಿಗೆ ಸಡಿಲವಾಗಿ, ಚೆನ್ನಾಗಿ ಬರುತ್ತದೆ. ಎಂಟನೆಯ ಸುತ್ತಿನ ನಡುವೆ ನನ್ನ ಕೆಂಪು ಉಣ್ಣೆ ಮುಗಿಯಿತು. ಅದೇ ಕೆಂಪು ಅಂಗಡಿಯಲ್ಲಿ ಮತ್ತೆ ಸಿಗಲಿಲ್ಲ. ಬಿಳಿ ದಾರ ಸೇರಿಸಿ ಮುಂದುವರಿಸಿದ್ದೇನೆ, ಅದಕ್ಕೇ ಅಂಚು ಹೀಗೆ ಬೆಳ್ಳಗಿದೆ. ಬಿಳಿಚಿದ ಹವಳ ಮಾಡಿದಿರಾ ಎಂದು ಇಲ್ಲಿ ಸ್ಟುಡಿಯೋದಲ್ಲಿ ಒಬ್ಬರು ಕೇಳಿದರು. ಜಿಂಕೆಕೊಂಬಿನ ಹವಳದಲ್ಲಿ ಆರೋಗ್ಯವಾಗಿ ಬೆಳೆಯುತ್ತಿರುವ ಕೊಂಬೆಯ ತುದಿಯೂ ಬಿಳಿಯೇ ಇರುತ್ತದೆ. ಅಸ್ಥಿ ಅಷ್ಟು ವೇಗವಾಗಿ ಮುಂದೆ ಹೋಗುತ್ತಿರುತ್ತದೆ, ಪಾಚಿ ಇನ್ನೂ ಅಲ್ಲಿಗೆ ತಲುಪಿರುವುದಿಲ್ಲ. ಇದು ಯಾವ ಬಿಳಿ ಎಂದು ನಾನಿನ್ನೂ ತೀರ್ಮಾನಿಸಿಲ್ಲ. ಸುತ್ತು ಮುಗಿಯಲು ಇನ್ನೂ ಮುನ್ನೂರು ಚಿಲ್ಲರೆ ಕುಣಿಕೆ ಬಾಕಿ ಇದೆ.